ಎಣಿಸಿದವರ ಹೆಸರು

ಟೈಪಾಗಿ ಬಂದ ವರದಿಯ ಕರಡನ್ನು ನಿವೇದಿತಾ ಹಿಂದಿನ ಪುಟದಿಂದ ಮುಂದಕ್ಕೆ ಓದುತ್ತಿದ್ದಳು. ಮುಖಪುಟದಲ್ಲಿ ಯಾರ ಹೆಸರಿರುತ್ತದೆ ಎಂಬುದು ಆ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ದುಡಿದವರು ಎಲ್ಲಿ ಅಡಗಿದ್ದಾರೆಂದು ತಿಳಿಯಬೇಕಾದರೆ ಕೊನೆಯಿಂದಲೇ ಹುಡುಕಬೇಕು. ಕೊನೆಯ ಪುಟದಲ್ಲಿ ಕೃತಜ್ಞತೆಗಳಿದ್ದವು. ಟೈಪಿಸ್ಟ್ ಮಾಲಾ, ಜೀಪಿನ ಡ್ರೈವರ್, ಅವರಿಬ್ಬರ ನಡುವೆ ‘ಕ್ಷೇತ್ರ ಸಹಾಯಕಿ ಕು. ನಿವೇದಿತಾ’. ಭದ್ರಮ್ಮನ ಹೆಸರು ಇರಲಿಲ್ಲ.

ಇನ್ನೆಲ್ಲಾದರೂ ಇರಬಹುದೆಂದು ಪುಟ ತಿರುಗಿಸುತ್ತ ಮೂರನೆಯ ಕೋಷ್ಟಕಕ್ಕೆ ಬಂದಳು. ಹೊನ್ನೇಪಾಳ್ಯದ ಗುಂಡುತೋಪು ಮತ್ತು ಕೆರೆಯ ಏರಿಯ ಮೇಲಿನ ಮರಗಳು, ವರ್ಷವರ್ಷದ ಲೆಕ್ಕ. 1974ರಲ್ಲಿ ಇನ್ನೂರ ಹನ್ನೆರಡು, 1997ರಲ್ಲಿ ನೂರ ನಲವತ್ತೊಂದು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಮೂಲ: ಕೇಂದ್ರದ ಕ್ಷೇತ್ರ ಸಮೀಕ್ಷೆ’ ಎಂದಿತ್ತು.

ಕೇಂದ್ರ ಹುಟ್ಟಿದ್ದೇ 1989ರಲ್ಲಿ. ಪೀಣ್ಯ ಎರಡನೇ ಹಂತದಲ್ಲಿ ಒಂದು ಲೇತ್ ಶೆಡ್ಡಿನ ಮೇಲಿನ ಮಹಡಿ ಬಾಡಿಗೆಗೆ ಹಿಡಿದು, ಕೈಗಾರಿಕಾ ಪ್ರದೇಶದಲ್ಲಿ ಉಳಿದ ಹಸಿರನ್ನು ಅಳೆಯಲು ಕಟ್ಟಿದ ಸಂಸ್ಥೆ. 1974ರಲ್ಲಿ ಅದರ ನಿರ್ದೇಶಕ ಡಾಕ್ಟರ್ ಗುರುರಾಜ್ ಕಾಲೇಜಿನಲ್ಲಿದ್ದರು. ನಿವೇದಿತಾ ರಾಣೆಬೆನ್ನೂರಿನ ಅಂಗಳದಲ್ಲಿ ಮಣ್ಣು ತಿನ್ನುವ ಮೂರು ವರ್ಷದ ಕೂಸು. ಹಾಗಿದ್ದರೆ ಆ ವರ್ಷ ಇನ್ನೂರ ಹನ್ನೆರಡು ಮರ ಎಣಿಸಿದ್ದು ಯಾರಂತೆ? ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇಲ್ಲಿ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ.

ಎಣಿಸಿದ್ದು ಯಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ತಿಂಗಳ ಹಿಂದೆ ಬಾಗಲಗುಂಟೆಯಿಂದ ಚಿಕ್ಕಬಾಣಾವರದ ಕಡೆಗೆ ಹೋಗುವ ದಾರಿಯ ಹಳ್ಳಿಗಳಲ್ಲಿ ಹಳೆಯ ತೋಪುಗಳ ಬಗ್ಗೆ ಕೇಳುತ್ತ ಅಲೆಯುತ್ತಿದ್ದಾಗ ಹೊನ್ನೇಪಾಳ್ಯದಲ್ಲಿ ಭದ್ರಮ್ಮ ಸಿಕ್ಕಿದ್ದಳು. ಅರವತ್ತರ ಹೆಂಗಸು. ಹೊಲ ಹೋಗಿ ಉಳಿದ ಜಾಗದಲ್ಲಿ ಆರು ರೂಮು ಕಟ್ಟಿಸಿ ಫ್ಯಾಕ್ಟರಿ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದಳು. ಅವಳ ಮಾವ ಬೈರಪ್ಪ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ ಗದ್ದೆಗದ್ದೆಗೂ ನೀರು ಬಿಡುವ ಕೆಲಸ ಆ ಮನೆಯದು. ಏರಿಯ ಮರ, ತೋಪಿನ ಮರ ಕಾಯುವುದೂ ಅವರದೇ. ಪ್ರತಿ ವರ್ಷ ಶಿವರಾತ್ರಿಯ ಮಾರನೆಯ ಬೆಳಿಗ್ಗೆ ಬೈರಪ್ಪ ಮರಗಳನ್ನು ಒಂದೊಂದಾಗಿ ಮುಟ್ಟಿ ಎಣಿಸುತ್ತಿದ್ದ. ಅವನಿಗೆ ಓದು ಬರಹ ಬಾರದು. ನಾಲ್ಕನೇ ಕ್ಲಾಸು ಓದಿದ ಸೊಸೆ ಹಿಂದೆ ಹಿಂದೆ ನಡೆದು ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. 1985ರಲ್ಲಿ ಅವನು ತೀರಿಕೊಂಡ ಮೇಲೆ ಮುಟ್ಟುವವಳೂ ಅವಳೇ, ಬರೆಯುವವಳೂ ಅವಳೇ.

ಪುಸ್ತಕ ಕೊಡುವಾಗ ಭದ್ರಮ್ಮ ಒಂದು ಷರತ್ತು ಹಾಕಿದ್ದಳು.

“ತಗಂಡೋಗವ್ವ, ಬೇಡ ಅನ್ನಕಿಲ್ಲ. ಆದ್ರೆ ನಮ್ ಮಾವನೆಸ್ರು, ನನ್ನೆಸ್ರು ಅಚ್ಚಾಗ್ಬೇಕು.”

“ಹಾಕ್ಸೋಣ ಅಮ್ಮ. ಖಂಡಿತ.”

“ಎಸ್ರಿನ್ ಆಸೆಗಲ್ಲ ಕಣವ್ವ. ಎಂಬತ್ತಾರನೇ ಇಸ್ವೀಲಿ ಸರ್ಕಾರದೋರು ತೋಪಿನ ಅರ್ಧ ಕಾರ್ಖಾನೆಗೆ ಬರ್ಕೊಟ್ರು. ಅವ್ರ ಕಾಗ್ದದಾಗೆ ಖಾಲಿ ಜಾಗ ಅಂತಿತ್ತು. ಖಾಲಿ ಎಂಗಾಯ್ತದೆ, ಅರವತ್ತೆಲ್ಡು ಮರ ನಿಂತವಲ್ಲ ಅಂತ ನಾನು ಕಚೇರಿಗೋದೆ. ಯಾರಮ್ಮ ಎಣಿಸಿದ್ದು, ನಿನ್ನ ಎಸ್ರು ಯಾವ ಕಾಗ್ದದಾಗಿದೆ ಅಂತ ಕೇಳ್ಬುಟ್ಟು ಆಚೆ ಕಳಿಸ್ಬುಟ್ರು. ಇನ್ನರ್ಧ ಉಳ್ಕಂಡೈತೆ. ಇನ್ನೊಂದ್ ದಪ ಅವ್ರು ಕೇಳೋ ವೊತ್ಗೆ ನನ್ನೆಸ್ರು ಕಾಗ್ದದಾಗಿರ್ಬೇಕು.”

ನಿವೇದಿತಾ ಮಾತು ಕೊಟ್ಟು ಬಂದಿದ್ದಳು. ಈಗ ಆ ಮಾತು ಟೈಪಾದ ಹಾಳೆಯ ಮೇಲೆ ಸತ್ತು ಬಿದ್ದಿತ್ತು. ಕರಡನ್ನು ಎತ್ತಿಕೊಂಡು ಅವಳು ನೇರ ಗುರುರಾಜ್ ಅವರ ಕೋಣೆಗೆ ಹೋದಳು.

“ಸಾರ್, ಮೂರನೇ ಟೇಬಲ್‌ನಲ್ಲಿ ಮೂಲ ತಪ್ಪಾಗಿದೆ. ಅದು ನಮ್ಮ ಸಮೀಕ್ಷೆ ಅಲ್ಲ. ಭದ್ರಮ್ಮನವರ ಲೆಕ್ಕ.”

ಗುರುರಾಜ್ ಕೆಟ್ಟ ಮನುಷ್ಯರೇನಲ್ಲ. ಸಂಬಳ ತಡವಾದಾಗ ತಮ್ಮ ಜೇಬಿನಿಂದ ಕೊಟ್ಟವರು. ಆದರೆ ದೆಹಲಿ ಅಂದರೆ ಅವರಿಗೆ ಮೈಯೆಲ್ಲ ಕಿವಿ.

“ನೋಡಮ್ಮ, ಇದನ್ನ ಓದೋದು ಡೆಲ್ಲಿಯವರು. ಸೋರ್ಸ್ ಹೊನ್ನೇಪಾಳ್ಯದ ಭದ್ರಮ್ಮ ಅಂತ ಹಾಕಿದ್ರೆ ನಗ್ತಾರೆ. ರಿಪೋರ್ಟ್‌ಗೆ ಬೆಲೆ ಇರಲ್ಲ.”

“ಬೆಲೆ ಇಲ್ದಿರೋ ನಂಬರ್ ಯಾಕೆ ತಗೊಂಡ್ವಿ ಸಾರ್?”

ಅವರು ಕನ್ನಡಕ ತೆಗೆದು ಒರೆಸಿದರು. “ಆಯ್ತು. ಶ್ರೀಧರ್‌ನ ಕಳಿಸ್ತೀನಿ. ಅವನೂ ಹೋಗಿ ಎಣಿಸ್ಲಿ. ಆಗ ಅದು ನಮ್ಮ ಸಮೀಕ್ಷೆನೇ ಆಗುತ್ತಲ್ಲ?”

ಶ್ರೀಧರ್ ಕೇಂದ್ರದ ನಕ್ಷೆ ಬರೆಯುವವನು, ಚುರುಕು ಹುಡುಗ. ಎರಡು ದಿನ ಬಿಸಿಲಲ್ಲಿ ನಿಂತು, ಎಣಿಸಿದ ಮರಕ್ಕೆಲ್ಲ ಸುಣ್ಣದ ಗುರುತು ಹಾಕಿ, ಶುಕ್ರವಾರ ಸಂಜೆ ಬಂದ. ನೂರ ನಲವತ್ತಾರು, ಎರಡು ಸಲ ಎಣಿಸಿದೆ ಎಂದ.

“ನೋಡು,” ಎಂದರು ಗುರುರಾಜ್, “ಐದು ಮರ ಜಾಸ್ತಿ. ಲೆಕ್ಕವೇ ಬರದ ಹೆಂಗಸಿನ ಹೆಸರು ಹಾಕಿಸ್ತಿದ್ದೆ ನೀನು. ಈ ವರ್ಷದ್ದನ್ನ ತಿದ್ದು, ಹಳೇದೆಲ್ಲ ಹಂಗೇ ಇರ್ಲಿ.”

ಲೆಕ್ಕ ಬರದ ಹೆಂಗಸಿನ ಹೆಸರು ಬೇಡ, ಆದರೆ ಅವಳ ಇಪ್ಪತ್ತಮೂರು ವರ್ಷದ ಲೆಕ್ಕ ಬೇಕು. ಇದು ಯಾವ ಊರಿನ ನ್ಯಾಯ ಎಂದು ಕೇಳಲು ನಿವೇದಿತಾಳ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಯಾಕೆಂದರೆ ಅವಳಿಗೇ ಭಯವಾಗಿತ್ತು. ನಿಜಕ್ಕೂ ಭದ್ರಮ್ಮ ತಪ್ಪು ಎಣಿಸಿದ್ದರೆ?

ಬಾಗಲಗುಂಟೆಯ ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಾಗ ಅಪ್ಪನ ಮುಂದೆ ಎಲ್ಲವನ್ನೂ ಹೇಳಿದಳು. ಚನಬಸಪ್ಪ ಪೀಣ್ಯದ ಒಂದು ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ತಪಾಸಣೆಯ ಕೆಲಸದಲ್ಲಿದ್ದ. ಬೆಂಗಳೂರಿಗೆ ಬಂದು ಇಷ್ಟು ವರ್ಷವಾದರೂ ಮಾತು ಮಾತ್ರ ರಾಣೆಬೆನ್ನೂರು ಬಿಟ್ಟಿರಲಿಲ್ಲ.

“ನನ್ನ ನಂಬರು ಹದಿನಾಕು. ನಾ ಪಾಸ್ ಮಾಡಿದ ಪೀಸಿನ ಮ್ಯಾಲೆ ಹದಿನಾಕು ಅಂತ ಗುದ್ದತೇನಿ. ಯಾಕ? ಮಂದಿ ನೋಡಿ ಭೇಷ್ ಅನ್ಲಿ ಅಂತಲ್ಲವ್ವಾ. ನಾಳೆ ಅದು ಮುರದ್ರ ಯಾರನ್ನ ಕರೀಬೇಕು ಅಂತ ಗೊತ್ತಿರಬೇಕಲ್ಲ!” ರೊಟ್ಟಿ ಮುರಿಯುತ್ತ ಅವನು ಮುಂದುವರಿಸಿದ. “ಮದಲ ಹೋಗಿ ಆ ಐದು ಎಲ್ಲಿ ಹೋದವು ನೋಡು. ತಪ್ಪಿದ್ರ ಆಕಿ ಹೆಸರಿನ ಮ್ಯಾಲೇ ತಪ್ಪು ಬರ್ಲಿ. ಸರಿ ಇದ್ರ ಆಕಿ ಹೆಸರಿನ ಮ್ಯಾಲೇ ಸರಿ ಬರ್ಲಿ. ಹೆಸರ ತೆಗದ್ರ ಎರಡೂ ಇಲ್ಲ.”

ಭಾನುವಾರ ಬೆಳಿಗ್ಗೆಯೇ ಅವಳು ಹೊನ್ನೇಪಾಳ್ಯದಲ್ಲಿದ್ದಳು. ಐದು ಮರದ ಮಾತು ಕೇಳಿ ಭದ್ರಮ್ಮನ ಮುಖ ಬಿಗಿಯಿತು. ನಲ್ಲಿಯ ಬಗ್ಗೆ ದೂರು ಹೇಳಲು ಬಂದ ಬಾಡಿಗೆಯ ಹುಡುಗನೊಬ್ಬನನ್ನು ಕೈಯಲ್ಲೇ ಆಚೆ ಸರಿಸಿ, ಸೆರಗು ಸಿಕ್ಕಿಸಿ, ಪುಸ್ತಕ ತೆಗೆದುಕೊಂಡು ಹೊರಟೇಬಿಟ್ಟಳು.

“ಬಾ. ನೀನು ಎಣಿಸು, ನಾನು ಮುಟ್ತೀನಿ. ಇವತ್ತು ಇದು ತೀರ್ಮಾನ ಆಗ್ಲಿ.”

ತೋಪಿನಲ್ಲಿ ಒಂದೂ ತಕರಾರು ಬರಲಿಲ್ಲ. ಭದ್ರಮ್ಮನಿಗೆ ಒಂದೊಂದು ಮರಕ್ಕೂ ಒಂದೊಂದು ಹೆಸರು. ಸೊಟ್ಟ ಮಾವು, ಕಪ್ಪೆ ಹುಣಸೆ, ಮುನಿಯಕ್ಕನ ಹಲಸು. ಕಾರ್ಖಾನೆಯ ಗೋಡೆಯವರೆಗೆ ಹೋಗಿ ಹಿಂತಿರುಗಿ, ಕೆರೆಯ ಏರಿ ಹತ್ತಿದರು. ಕೆರೆಯಲ್ಲಿ ನೀರಿಗಿಂತ ನೊರೆ ಹೆಚ್ಚಿತ್ತು. ಏರಿಯ ಮೇಲೆ ಕಲ್ಲಿನ ಕಟ್ಟೆ, ಅದರ ಮೇಲೆ ಮೈಗೆ ಮೈ ತಾಗಿಸಿ ನಿಂತ ಅರಳಿ ಮತ್ತು ಬೇವು. ಎರಡರ ಬುಡದಲ್ಲೂ ಶ್ರೀಧರನ ಸುಣ್ಣದ ಗುರುತಿತ್ತು.

“ತೊಂಬತ್ತೆಂಟು, ತೊಂಬತ್ತೊಂಬತ್ತು,” ಎಂದಳು ನಿವೇದಿತಾ.

“ಎಲ್ಲಿ ತೊಂಬತ್ತೊಂಬತ್ತು? ತೊಂಬತ್ತೆಂಟೇ.”

“ಎರಡು ಮರ ಇದೆಯಲ್ಲಮ್ಮ. ಇದು ಅರಳಿ, ಇದು ಬೇವು.”

ಭದ್ರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಇದಕ್ಕೆ ಮದ್ವೆ ಆಗೈತೆ ಕಣವ್ವ. ಗಂಡ ಹೆಂಡ್ತಿ. ನಿಮ್ಮಪ್ಪಂಗೂ ನಿಮ್ಮಮ್ಮಂಗೂ ಎಲ್ಡು ರೇಷನ್ ಕಾರ್ಡು ಕೊಟ್ಟವ್ರಾ? ಒಂದ್ ಕಟ್ಟೆ, ಒಂದ್ ಸಂಸಾರ, ಒಂದ್ ಲೆಕ್ಕ.”

ಏರಿಯ ಮೇಲೆ ಅಂಥ ಕಟ್ಟೆಗಳು ಐದಿದ್ದವು. ಐದನೆಯದು ಮುಗಿಯುವ ಹೊತ್ತಿಗೆ ನಿವೇದಿತಾ ಕಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಭದ್ರಮ್ಮನೂ ನಕ್ಕಳು, ಆದರೆ ಇದರಲ್ಲಿ ನಗುವುದೇನಿದೆ ಎಂದು ಅವಳಿಗೆ ಪೂರ್ತಿ ಅರ್ಥವಾಗಿರಲಿಲ್ಲ. ಕಾಲೇಜು ಓದಿದ ಹುಡುಗಿಗೆ ಮದುವೆಯಾದವರನ್ನು ಎಣಿಸುವುದೂ ಗೊತ್ತಿಲ್ಲವಲ್ಲ ಎಂದುಕೊಂಡಿರಬೇಕು.

ಇದ್ದಕ್ಕಿದ್ದಂತೆ ನಿವೇದಿತಾಳ ನಗು ನಿಂತಿತು. “ಅಮ್ಮ, ಮದುವೆಗೆ ಮುಂಚೆ?”

“ಮುಂಚೆ ಎಲ್ಡು. ತಾಳಿ ಕಟ್ಟಿದ್ ಮ್ಯಾಕೆ ಒಂದು.”

“ಹಾಗಾದ್ರೆ ಮದುವೆ ಆದ ವರ್ಷ ಲೆಕ್ಕದಲ್ಲಿ ಒಂದು ಮರ ಕಮ್ಮಿ ಆಗುತ್ತಲ್ಲ! ಮರ ಬೀಳದೇನೇ.”

“ಆಗ್ಲೇಬೇಕಲ್ಲವ್ವ. ಬರ್ದಿವ್ನಿ ನೋಡು ಇಂದ್ಗಡೆ.”

ಭದ್ರಮ್ಮ ಪುಸ್ತಕವನ್ನು ತಿರುವಿ ಹಿಂದಿನ ಹಾಳೆಗಳನ್ನು ತೆರೆದಳು. ಐದು ಮದುವೆಗಳು, ದಿನ, ತಿಥಿ, ಮಾಡಿಸಿದ ಮನೆಯವರ ಹೆಸರು, ಊಟಕ್ಕೆ ಬಂದವರು. ನಾಲ್ಕು ತಿಂಗಳ ಹಿಂದೆ ನಿವೇದಿತಾ ಈ ಹಾಳೆಗಳನ್ನು ನೋಡಿದ್ದಳು. ಮನೆವಾರ್ತೆಯ ಪಟ್ಟಿ ಎಂದುಕೊಂಡು, ಅಂಕಿಗಳಿದ್ದ ಹಾಳೆಗಳನ್ನಷ್ಟೇ ಜೆರಾಕ್ಸ್ ಮಾಡಿಸಿಕೊಂಡು ಪುಸ್ತಕ ಹಿಂದಿರುಗಿಸಿದ್ದಳು. ಗುರುರಾಜ್ ಹೆಸರನ್ನು ಬಿಟ್ಟಿದ್ದರು, ನಿಜ. ಅರ್ಧ ಪುಸ್ತಕವನ್ನೇ ಬಿಟ್ಟವಳು ತಾನು.

1983ರಲ್ಲಿ ಒಂದೇ ಮುಹೂರ್ತದಲ್ಲಿ ಎರಡು ಮದುವೆಗಳು ನಡೆದಿದ್ದವು. ವರದಿಯ ಇಪ್ಪತ್ತೆರಡನೆಯ ಪುಟ ಅವಳಿಗೆ ಬಾಯಿಪಾಠವಾಗಿತ್ತು: ‘1983ರಲ್ಲಿ ಏರಿಯ ಪಕ್ಕದ ಹಳೆಯ ಕಾರ್ಖಾನೆಯೊಂದರ ಗೋಡೆಗಾಗಿ ಎರಡು ಮರಗಳನ್ನು ಕಡಿಯಲಾಯಿತು.’ ಲೆಕ್ಕದಲ್ಲಿ ಎರಡು ಕಮ್ಮಿ, ಪಕ್ಕದಲ್ಲೊಂದು ಗೋಡೆ, ಸಾಕಲ್ಲ! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಂತೆ ಡಾಕ್ಟರ್ ಸಾಹೇಬರು ವಾಕ್ಯ ಕಟ್ಟಿದ್ದರು.

ಸೋಮವಾರ ಅವಳು ಹಿಂದಿನ ಹಾಳೆಗಳ ಜೆರಾಕ್ಸನ್ನು ಗುರುರಾಜ್ ಅವರ ಮೇಜಿನ ಮೇಲೆ ಹರಡಿದಳು. ಅವರು ಓದಿದರು, ಇಪ್ಪತ್ತೆರಡನೆಯ ಪುಟ ತೆಗೆದು ನೋಡಿದರು, ಮತ್ತೆ ಓದಿದರು. ದಡ್ಡರಲ್ಲವಲ್ಲ. ಆ ಕಾರ್ಖಾನೆಯವರು ಕೋರ್ಟಿಗೆ ಹೋದರೆ ವರದಿಯ ಗತಿ ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

“ಒಳ್ಳೇ ಕೆಲಸ ಮಾಡಿದೆ,” ಎಂದರು ಕೊನೆಗೆ. “ಆ ವಾಕ್ಯ ತೆಗೆದುಬಿಡು. ಒಂದೊಂದು ಮದುವೆಗೆ ಒಂದೊಂದು ಮರ ಸೇರಿಸ್ತಾ ಬಂದು ಕೊನೇಲಿ ಐದು ಸರಿಮಾಡು. ಮುಗೀತಲ್ಲ.”

“ಯಾರ ಮಾತಿನ ಮೇಲೆ ಸೇರಿಸ್ಲಿ ಸಾರ್?”

“ಅಂದ್ರೆ?”

“ಎಂಬತ್ಮೂರರಲ್ಲಿ ಮರ ಬೀಳಲಿಲ್ಲ, ಮದುವೆ ಆಯ್ತು ಅಂತ ಬರೀಬೇಕು. ನಮ್ಮ ಸಮೀಕ್ಷೆಗೆ ಅದು ಹೇಗೆ ಗೊತ್ತಾಯ್ತು? ಯಾರು ಊಟಕ್ಕೆ ಹೋಗಿದ್ರು? ನಾನು ಆಗ ಏಳನೇ ಕ್ಲಾಸು.”

ಕೆಳಗಿನ ಶೆಡ್ಡಿನಲ್ಲಿ ಲೇತ್ ಯಂತ್ರ ಕಿರುಗುಟ್ಟುತ್ತಿತ್ತು. ಗುರುರಾಜ್ ಎದ್ದು ಕಿಟಕಿ ಮುಚ್ಚಿ ಬಂದರು. ಆಮೇಲೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಹಾಗೆ, ಕೃತಜ್ಞತೆಯಲ್ಲಿ ‘ಸ್ಥಳೀಯ ಹಿರಿಯರು’ ಎಂದು ಸೇರಿಸೋಣ ಎಂದರು.

“ಸ್ಥಳೀಯ ಹಿರಿಯರು ಅನ್ನೋರನ್ನ ಯಾವ ಆಫೀಸಿಗೂ ಕರೆಯೋಕಾಗಲ್ಲ ಸಾರ್. ಅವರಿಗೆ ಮನೆ ಇಲ್ಲ, ವಿಳಾಸ ಇಲ್ಲ. ಟೇಬಲ್ ಕೆಳಗೆ ಮರಗಳ ಲೆಕ್ಕ ಇಟ್ಟವರು ಬೈರಪ್ಪ, ಭದ್ರಮ್ಮ, ಹೊನ್ನೇಪಾಳ್ಯ ಅಂತ ಬರಬೇಕು. ಮದುವೆ ಲೆಕ್ಕ ಹೇಗೆ ಅಂತ ಅವರ ಮಾತಲ್ಲೇ ಬರಬೇಕು. ಒಳಪುಟದಲ್ಲಿ ಅಧ್ಯಯನದ ಪಾಲುದಾರರು ಅಂತ ಬರಬೇಕು.”

“ಒಳಪುಟದಲ್ಲಿ ನಿನ್ನ ಹೆಸರು ಹಾಕ್ಸೋಣ ಅಂತಿದ್ದೆ ಕಣಮ್ಮ,” ಎಂದರು ಗುರುರಾಜ್. ದನಿಯಲ್ಲಿ ಬೆದರಿಕೆ ಇರಲಿಲ್ಲ, ಸುಸ್ತಿತ್ತು. “ನೀನು ಕಾಂಟ್ರ್ಯಾಕ್ಟಿನವಳು. ಸೆಪ್ಟೆಂಬರ್‌ಗೆ ಮುಗಿಯುತ್ತೆ. ನಿನ್ನ ಹೆಸರು ಬಂದಿದ್ರೆ ಮುಂದಕ್ಕೆ ದಾರಿ ಆಗೋದು. ಪಟ್ಟಿಗೆ ಹೊರಗಿನ ಹೆಸರು ಸೇರಿಸ್ಬೇಕಂದ್ರೆ ಸಮಿತಿ ಮುಂದೆ ನಾನು ಜಗಳ ಆಡಬೇಕು. ಅವರಿಗೋ ನಿನಗೋ, ಒಂದು ಕಡೆಗೆ ಆಡಬಲ್ಲೆ. ಎರಡಕ್ಕೆ ಆಗಲ್ಲ. ನೀನೇ ಹೇಳು.”

ನಿವೇದಿತಾ ತಕ್ಷಣ ಹೇಳಲಿಲ್ಲ. ಹೇಳಿದ್ದರೆ ಅವಳು ದೇವತೆಯಾಗುತ್ತಿದ್ದಳು. ಅವಳು ಇಪ್ಪತ್ತಾರು ವರ್ಷದ, ಕೆಲಸ ಬೇಕಾದ ಹುಡುಗಿ. ನಾಲ್ಕು ತಿಂಗಳು ಕಾಲು ಸವೆಸಿದ್ದಳು. ಹನ್ನೊಂದು ಹಳ್ಳಿ, ಅಷ್ಟು ಬಿಸಿಲು, ಅಷ್ಟು ಬಿಟಿಎಸ್ ಬಸ್ಸು. ತನ್ನ ಹೆಸರೂ ಬೇಕೆಂಬ ಆಸೆ ಹೊಟ್ಟೆಯಲ್ಲಿ ಹಸಿವಿನಷ್ಟೇ ನಿಜವಾಗಿತ್ತು.

“ಅವರದ್ದೇ ತಗೊಂಡು ಹೋಗಿ ಸಾರ್,” ಎಂದಳು.

ಅವತ್ತು ಬಸ್ಸಿನ ಕಿಟಕಿಯ ಪಕ್ಕ ಕೂತು ಅತ್ತಳು. ಮಾಡಿದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ. ಆದರೂ ನೋವಾಗಿತ್ತು, ಅತ್ತಳು, ಬಾಗಲಗುಂಟೆ ಬಂದಾಗ ಮುಖ ಒರೆಸಿಕೊಂಡು ಇಳಿದಳು. ಮಾತಿಗೆ ತಕ್ಕಂತೆ ಗುರುರಾಜ್ ಸಮಿತಿಯಲ್ಲಿ ಜಗಳವಾಡಿದರು. ಸೆಪ್ಟೆಂಬರಿನಲ್ಲಿ ವರದಿ ಅಚ್ಚಾಯಿತು, ಅದೇ ತಿಂಗಳು ಅವಳ ಕೆಲಸವೂ ಮುಗಿಯಿತು.

ಒಂದು ಪ್ರತಿ ಹಿಡಿದು ಹೊನ್ನೇಪಾಳ್ಯಕ್ಕೆ ಹೋದಳು. ಭದ್ರಮ್ಮ ಕೈ ತೊಳೆದು ಬಂದು, ಬೆರಳಿಟ್ಟು ಓದಿದಳು. ಬೈರಪ್ಪನ ಹೆಸರಿನ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಒಳಪುಟವನ್ನು ಮೇಲಿಂದ ಕೆಳಗೆ ಎರಡು ಸಲ ಹುಡುಕಿದಳು.

“ನಿನ್ನೆಸ್ರೆಲ್ಲಿ?”

“ಈ ಪುಟದಲ್ಲಿ ಇಲ್ಲಮ್ಮ. ಕೊನೇಲಿ ಥ್ಯಾಂಕ್ಸ್ ಹೇಳಿದ್ದಾರೆ. ನಿಮ್ಮದು ಬಂತಲ್ಲ, ಸಾಕು.”

“ಯಾರಿಗ್ ಸಾಕು?” ಭದ್ರಮ್ಮನ ದನಿ ಏರಿತು. “ಐದ್ ಕಟ್ಟೆ ಸುತ್ತಿ ಲೆಕ್ಕ ಸರಿಮಾಡ್ದೋಳು ನೀನು. ನಿನ್ನ ಬಿಟ್ಬುಟ್ಟು ನನ್ನೆಸ್ರು ಆಕಿದ್ರೆ ಅದೂ ಸುಳ್ಳೇ ಅಲ್ವಾ? ನನ್ನ ಕೈಲಿ ಸುಳ್ಳು ಏಳ್ಸಿದ್ರಲ್ಲ ನೀವೆಲ್ಲ!”

ಪರಿಚಯವಾದಾಗಿನಿಂದ ಮೊದಲ ಸಲ ಆ ಮನೆಯಿಂದ ನಿವೇದಿತಾ ಕಾಫಿ ಕುಡಿಯದೆ ಹಿಂತಿರುಗಿದಳು.

ಡಿಸೆಂಬರಿನಲ್ಲಿ ಭದ್ರಮ್ಮನ ಬಾಡಿಗೆಯವನೊಬ್ಬ ಬಾಗಲಗುಂಟೆಯ ಮನೆ ಹುಡುಕಿಕೊಂಡು ಬಂದ. ಗುರುವಾರ ಬೆಳಿಗ್ಗೆ ನೀವು ಬರಲೇಬೇಕು ಅಂದ್ರು ಓನರಮ್ಮ ಎಂದು ಹೇಳಿ ಒಂದು ಸರ್ಕಾರಿ ಕಾಗದ ಕೊಟ್ಟ. ತೋಪಿನ ಉಳಿದರ್ಧವನ್ನು ಇನ್ನೊಂದು ಶೆಡ್ಡಿಗೆ ಕೊಡುವ ಪ್ರಸ್ತಾಪವಿದೆ, ತಕರಾರಿದ್ದರೆ ವಿಚಾರಣೆಗೆ ಹಾಜರಾಗಬೇಕು ಎಂದು ಅದರಲ್ಲಿತ್ತು. ನಿವೇದಿತಾ ಮತ್ತೆ ಮತ್ತೆ ಓದಿದ್ದು ಮಾತ್ರ ವಿಳಾಸವನ್ನು. ‘ಶ್ರೀಮತಿ ಭದ್ರಮ್ಮ, ಮರಗಳ ಲೆಕ್ಕ ಇಟ್ಟವರು, ಹೊನ್ನೇಪಾಳ್ಯ’. ವರದಿಯಿಂದಲೇ ಎತ್ತಿದ ಮಾತು. ಎಂಬತ್ತಾರರಲ್ಲಿ ಆಚೆ ಕಳಿಸಿದ್ದ ಹೆಂಗಸನ್ನು ಈಗ ಹೆಸರು ಹಿಡಿದು ಕರೆದಿದ್ದರು.

ಗುರುವಾರ ವಿಚಾರಣೆಯ ಕಚೇರಿಗೆ ಕಾರ್ಖಾನೆಯ ಕಡೆಯ ವಕೀಲ ಬಂದಿದ್ದ. ಜಾಗ ಖಾಲಿ ಇದೆ, ನಾಲ್ಕು ಪೊದೆ ಬಿಟ್ಟರೆ ಏನೂ ಇಲ್ಲ ಎಂದು ಅವನು ಶುರುಮಾಡಿದ. ಅಧಿಕಾರಿ ಕೈಯೆತ್ತಿ ಅವನನ್ನು ತಡೆದು, ಮೂರನೆಯ ಕೋಷ್ಟಕವನ್ನು ತೆರೆದಿಟ್ಟುಕೊಂಡು ಕೇಳಿದರು.

“ತೋಪು, ಏರಿ ಸೇರಿ ನೂರ ನಲವತ್ತಾರು ಮರ ಅಂತಿದೆ ಇಲ್ಲಿ. ಭದ್ರಮ್ಮ ಅಂದ್ರೆ ಯಾರು?”

“ನಾನೇ ಬುದ್ಧಿ.”

“ಈ ಲೆಕ್ಕಕ್ಕೆ ನೀವು ಜವಾಬ್ದಾರಿ ತಗೋತೀರಾ? ಬಂದು ತೋರಿಸ್ತೀರಾ?”

“ಈಗ್ಲೇ ಒರಡ್ರಿ. ಒಂದೊಂದೂ ಮುಟ್ಟಿ ತೋರಿಸ್ತೀನಿ.”

ಗುಮಾಸ್ತ ಬರೆದುಕೊಳ್ಳತೊಡಗಿದ. ಅಧಿಕಾರಿ ಪಕ್ಕದಲ್ಲಿ ನಿಂತ ನಿವೇದಿತಾಳ ಕಡೆ ನೋಡಿ, ಇವರು ಯಾರು, ನಿಮ್ಮ ಮಗಳಾ ಎಂದರು. ಕೆಲಸವೂ ಇಲ್ಲದ, ಸಂಸ್ಥೆಯ ಹೆಸರೂ ಇಲ್ಲದ ನಿವೇದಿತಾ, ಸುಮ್ಮನೆ ಜೊತೆಗೆ ಬಂದೆ ಸಾರ್ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಭದ್ರಮ್ಮ ಅವಳ ಮುಂಗೈ ಹಿಡಿದು ಮೇಜಿನ ಮುಂದಕ್ಕೆ ಎಳೆದಳು.

“ಮಗ್ಳಲ್ಲ ಬುದ್ಧಿ. ಮದ್ಲು ನಮ್ ಮಾವ ಎಣಿಸ್ತಿದ್ರು, ಆಮ್ಯಾಕೆ ನಾನು. ಈ ವರ್ಸದ ನೂರ ನಲವತ್ತಾರು ನಾನೂ ಇವಳೂ ಸೇರಿ ಎಣಿಸಿರಾದು. ಈ ಪುಸ್ತ್ಕದಾಗೆ ಇವಳೆಸ್ರು ಬುಟ್ಟೋಗೈತೆ.”

ಆಮೇಲೆ ಗುಮಾಸ್ತನ ಕಡೆ ತಿರುಗಿ, ಅವನು ಪೆನ್ನು ಎತ್ತುವವರೆಗೂ ಕಾದಳು.

“ನಿವೇದಿತಾ. ಬಾಗಲಗುಂಟೆ. ಬರ್ಕಳಪ್ಪ.”